ಸಂಕ್ರಾಂತಿಯ ಎಳ್ಳು-ಬೆಲ್ಲವನ್ನು ಮನೆಮಂದಿಯೆಲ್ಲ ಸೇರಿ ಸಿದ್ಧಪಡಿಸುವ ಕ್ರಮ

ಹಳೆಯ ಮೈಸೂರು ಭಾಗದ ಮನೆಗಳಲ್ಲಿ ಜನವರಿ 14 ಅಥವಾ 15ರಂದು ಬರುವ ಸಂಕ್ರಾಂತಿಗೆ ಬೀರುವ ಎಳ್ಳನ್ನು ಅಂಗಡಿಯಿಂದ ತರುವುದಕ್ಕಿಂತ, ಹಬ್ಬಕ್ಕೆ ಒಂದು ವಾರ ಮೊದಲೇ ಹಿರಿಯರೂ ಮಕ್ಕಳೂ ಒಟ್ಟಿಗೆ ಕುಳಿತು ಮಾಡುವುದೇ ಮೇಲು. ಕೊಬ್ಬರಿ, ಅಚ್ಚುಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ತಲಾ 500 ಗ್ರಾಂ ಇದ್ದರೆ ಬಿಳಿ ಎಳ್ಳು 250 ಗ್ರಾಂ ಸಾಕು.

ಮೊದಲು ಕೊಬ್ಬರಿಯ ಕಂದು ಸಿಪ್ಪೆಯನ್ನು ಪೂರ್ತಿಯಾಗಿ ಹೆರೆದು ತೆಗೆದು, ಒಂದೇ ಅಳತೆಯ ಸಣ್ಣ ತುಂಡುಗಳಾಗಿ ಹೆಚ್ಚಬೇಕು. ಬೆಲ್ಲವನ್ನು ಅಡಕತ್ತರಿಯಿಂದ ಅದೇ ಗಾತ್ರಕ್ಕೆ ಕತ್ತರಿಸಬೇಕು. ಈ ಕೆಲಸ ನಿಧಾನವಾದದ್ದು, ಆದರೆ ಎಳ್ಳಿನ ಅಂದವೆಲ್ಲ ಇದರಲ್ಲಿಯೇ ಇದೆ. ಎರಡನ್ನೂ ಬೇರೆ ಬೇರೆ ತಟ್ಟೆಗಳಲ್ಲಿ ಹರಡಿ, ತೆಳುವಾದ ಬಟ್ಟೆ ಮುಚ್ಚಿ, ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಬೇಳೆಯಾಗಿ ಬಿಡಿಸುವುದನ್ನು ಮಕ್ಕಳಿಗೆ ವಹಿಸಬಹುದು. ಎಳ್ಳನ್ನು ಚಟಪಟ ಎನ್ನುವವರೆಗೆ ಮಾತ್ರ ಹುರಿಯಬೇಕು. ಎಲ್ಲವೂ ಸಂಪೂರ್ಣವಾಗಿ ಆರಿದ ಮೇಲೆಯೇ ಬೆರೆಸಬೇಕು, ಏಕೆಂದರೆ ಬಿಸಿ ತಗುಲಿದರೆ ಬೆಲ್ಲ ಕರಗಿ ಮಿಶ್ರಣ ಅಂಟಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇದು ಹಲವು ದಿನ ಕೆಡದೆ ಉಳಿಯುತ್ತದೆ.

ಹಬ್ಬದ ದಿನ ದೇವರಿಗೆ ನೈವೇದ್ಯ ಮಾಡಿ, ಎಳ್ಳಿನೊಂದಿಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ-ಅಡಿಕೆಯನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ನೆರೆಹೊರೆಯವರಿಗೆ ಬೀರುತ್ತಾರೆ. ಸಂಜೆ ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ಬೆರೆಸಿ ತಲೆಯ ಮೇಲೆ ಎರೆದು ಆರತಿ ಮಾಡುವ ಪದ್ಧತಿಯಿದೆ. ಇದಕ್ಕಾಗಿ ಹಣ್ಣನ್ನು ಮುಂಚಿತವಾಗಿಯೇ ತೊಳೆದು ಒರೆಸಿಡಬೇಕು.