ಮಾಡೆಲ್ ಟಿ ಮತ್ತು ಬೀಟಲ್: ಎರಡರ ಮೇಲೂ ಕೈಯಿಟ್ಟ ಅನುಭವ

1923ರ ಫೋರ್ಡ್ ಮಾಡೆಲ್ ಟಿ, 1967ರ ಫೋಕ್ಸ್‌ವ್ಯಾಗನ್ ಬೀಟಲ್ 1500. ಇವೆರಡನ್ನು ಹೋಲಿಸುವಾಗ ನಾನು ಅಶ್ವಶಕ್ತಿಯ ಲೆಕ್ಕಕ್ಕೆ ಹೋಗುವುದಿಲ್ಲ. ಅದು 20, ಇದು 44, ಅಲ್ಲಿಗೆ ಮುಗಿಯಿತು. ಎಂಜಿನ್ನಿನ ಯಾವ ಕೆಲಸ ಓಡಿಸುವವರ ಕೈಯಲ್ಲಿದೆ, ಯಾವುದನ್ನು ಯಂತ್ರವೇ ನೋಡಿಕೊಳ್ಳುತ್ತದೆ ಎಂಬುದನ್ನೇ ಗಮನಿಸುತ್ತೇನೆ.

ಟಿಯಲ್ಲಿ ಸ್ಪಾರ್ಕಿನ ಹೊತ್ತು ನಿಮ್ಮ ಎಡಗೈಯ ಲಿವರ್‌ನಲ್ಲಿದೆ. ಎಂಜಿನ್ ಚಾಲೂ ಮಾಡಲು ಮುಂಭಾಗದ ಹ್ಯಾಂಡಲ್ ಹೊಡೆಯುವ ಮುಂಚೆ ಆ ಲಿವರನ್ನು ಪೂರ್ತಿ ಮೇಲಕ್ಕೆ ತಳ್ಳಿ ಸ್ಪಾರ್ಕ್ ತಡವಾಗಿಸಬೇಕು. ಮರೆತರೆ ಪಿಸ್ಟನ್ ಮೇಲೇರುವ ಮೊದಲೇ ಪೆಟ್ರೋಲ್ ಹೊತ್ತಿ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ಮಣಿಕಟ್ಟು ಮುರಿಯುವುದು ಹೀಗೆಯೇ. ನಾನು ಎಡಗೈ ಹಾಕಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಮಾತ್ರ ಎಳೆಯುತ್ತೇನೆ. ಹ್ಯಾಂಡ್ ಬ್ರೇಕ್ ಹಿಂದಕ್ಕೆ ಎಳೆದಿರಲೇಬೇಕು, ನ್ಯೂಟ್ರಲ್ ಆಗುವುದೂ ಅದರಿಂದಲೇ. ಆದರೂ ಚಳಿಗೆ ಗಟ್ಟಿಯಾದ ಆಯಿಲ್ ಕ್ಲಚ್ ತಟ್ಟೆಗಳನ್ನು ಅಂಟಿಸಿಬಿಡುತ್ತದೆ. ಎಂಜಿನ್ ಹಿಡಿದ ಕೂಡಲೇ ಗಾಡಿ ಮೈಮೇಲೆ ಬರುತ್ತದೆ. ಚಕ್ರಕ್ಕೆ ಅಡೆ ಕೊಡದೆ ಎದುರು ನಿಲ್ಲಲೇಬೇಡಿ.

ಆಯಿಲ್ ಪಂಪ್ ಇಲ್ಲ, ಅಳೆಯುವ ಕಡ್ಡಿಯೂ ಇಲ್ಲ. ಫ್ಲೈವ್ಹೀಲ್ ಕವಚದಲ್ಲಿ ಎರಡು ಪುಟ್ಟ ನಲ್ಲಿಗಳಿವೆ. ಎಂಜಿನ್ ನಿಲ್ಲಿಸಿ, ಗಾಡಿಯಡಿ ನುಸುಳಿ ತೆರೆದು ನೋಡಿ: ಕೆಳಗಿನದರಲ್ಲಿ ಆಯಿಲ್ ಹರಿಯಬೇಕು, ಮೇಲಿನದರಲ್ಲಿ ಹರಿಯಬಾರದು.

ಬೀಟಲ್ ಓಡಿಸಿ ಅಭ್ಯಾಸವಿದ್ದವರು ಟಿ ಹತ್ತಿದರೆ ಕಾಲು ಮೋಸ ಮಾಡುತ್ತದೆ. ನಡುವಿನ ಪೆಡಲ್ ರಿವರ್ಸ್; ಬ್ರೇಕ್ ಬಲಗಡೆ, ಅಂದರೆ ಬೀಟಲ್‌ನ ಆಕ್ಸಿಲರೇಟರ್ ಇರುವ ಜಾಗದಲ್ಲಿ. ಖಾಲಿ ಬಯಲಿನಲ್ಲಿ ಕಾಲು ಪಳಗಿಸಿಯೇ ರಸ್ತೆಗೆ ಇಳಿಯಿರಿ.

ಬೀಟಲ್‌ನಲ್ಲಿ ಕೀ ತಿರುಗಿಸಿದರೆ ಸಾಕು, ಆದರೆ ಅದು ಅಳತೆಗೆ ಬಹಳ ನಿಷ್ಠುರ. ಸ್ಪಾರ್ಕ್ ಹುಟ್ಟಿಸಲು ತೆರೆದು ಮುಚ್ಚುವ ಪಾಯಿಂಟ್‌ಗಳ ಅಂತರ 0.4 ಮಿ.ಮೀ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಟ್ಯಾಪೆಟ್ ಅಂತರ, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು, ನೋಡಬೇಕು. ನಾನು 0.15 ಮಿ.ಮೀ. ಇಡುತ್ತೇನೆ. ತುಸು ಟಕಟಕ ಸದ್ದು ಬಂದರೂ ಪರವಾಗಿಲ್ಲ, ಬಿಗಿಯಾದರೆ ವಾಲ್ವ್ ಸುಡುತ್ತದೆ. ಒಂದನೇ ಸಿಲಿಂಡರ್‌ನಿಂದ ಶುರುಮಾಡಿ ಪುಲ್ಲಿಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಅರ್ಧರ್ಧ ಸುತ್ತು ತಿರುಗಿಸಿದರೆ 1, 2, 3, 4 ಎಂದೇ ಸರದಿ ಬರುತ್ತದೆ. ಮೂರನೆಯದರ ಮೇಲೆ ಕಣ್ಣಿರಲಿ. ಆಯಿಲ್ ಕೂಲರ್ ಅಡ್ಡ ಕೂತಿರುವುದರಿಂದ ಅದಕ್ಕೆ ಗಾಳಿ ಕಡಿಮೆ, ಕಾವು ಹೆಚ್ಚು. ಅದರ ಎಕ್ಸಾಸ್ಟ್ ವಾಲ್ವ್‌ನ ಅಂತರ ಪ್ರತಿ ಸಲವೂ ಕುಗ್ಗುತ್ತಿದ್ದರೆ ವಾಲ್ವ್ ಉದ್ದವಾಗುತ್ತಿದೆ ಎಂದೇ ನಾನು ತಿಳಿಯುತ್ತೇನೆ. ಮತ್ತೆ ಮತ್ತೆ ಸಡಿಲಿಸುತ್ತಾ ಕೂರದೆ ಸಿಲಿಂಡರ್ ಹೆಡ್ ಇಳಿಸಿ ವಾಲ್ವ್ ಬದಲಿಸುವುದೇ ಸರಿ. ವಾಲ್ವ್‌ನ ತಲೆ ಮುರಿದು ಬಿದ್ದರೆ ಪಿಸ್ಟನ್ನೂ ಹೋಗುತ್ತದೆ.

ಆಯಿಲ್ 2.5 ಲೀಟರ್, ಫಿಲ್ಟರ್ ಇಲ್ಲ, ಜಾಲರಿ ಮಾತ್ರ. 5,000 ಕಿ.ಮೀ.ಗೊಮ್ಮೆ ಬದಲಿಸಿ, ಜಾಲರಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ. ಜಾಲರಿಯ ಮುಚ್ಚಳದ ಆರು ನಟ್ಟುಗಳಿಗೆ 7 ನ್ಯೂಟನ್ ಮೀಟರ್ ಬಿಗಿ ಸಾಕು. ಎಂಜಿನ್ ಕವಚ ಮೆಗ್ನೀಷಿಯಂ ಮಿಶ್ರಲೋಹದ್ದು, ಜೋರು ಮಾಡಿದರೆ ನಟ್ಟು ಕೂರುವ ಸ್ಟಡ್ ಕವಚದ ತಿರುಪಿನ ಮರೆಯನ್ನೇ (ಥ್ರೆಡ್) ಕಿತ್ತುಕೊಂಡು ಬರುತ್ತದೆ.

ಪೆಟ್ರೋಲ್ ವಿಷಯದಲ್ಲೂ ಇವು ಬೇರೆ ಬೇರೆ. ಟಿಯಲ್ಲಿ ಟ್ಯಾಂಕ್ ಸೀಟಿನ ಕೆಳಗೆ, ಪಂಪ್ ಇಲ್ಲ. ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ಏರಿನಲ್ಲಿ ಕಾರ್ಬ್ಯುರೇಟರ್‌ಗೆ ಇಳಿಯುವುದಿಲ್ಲ. ಗಾಡಿ ತಿರುಗಿಸಿ ರಿವರ್ಸ್‌ನಲ್ಲೇ ಹತ್ತಿಸಬೇಕು. ಬೀಟಲ್‌ಗೆ ಪಂಪ್ ಇದೆ, ಏರಿನ ಚಿಂತೆಯಿಲ್ಲ. ಆದರೆ ಬಿಸಿ ಎಂಜಿನ್ನಿನ ಪಕ್ಕದಲ್ಲೇ ಹಾಯುವ ಅದರ ರಬ್ಬರ್ ಪೈಪ್ ಒಣಗಿ ಸೀಳಿದರೆ ಗಾಡಿಗೆ ಬೆಂಕಿ. ಆ ಪೈಪನ್ನು ಬಿರುಕು ಕಾಣುವ ಮೊದಲೇ ಬದಲಿಸಿ, ಎರಡೂ ತುದಿಗೆ ಕ್ಲಿಪ್ ಹಾಕುತ್ತೇನೆ.