ಇನ್ನೊಂದು ಕೀಲಿಕೈ ನನ್ನ ಬಳಿ ಇತ್ತು

ಬಾಡಿಗೆಗೆ ಕೊಟ್ಟ ಮನೆಯ ಇನ್ನೊಂದು ಕೀಲಿಕೈ ನನ್ನ ಬಳಿ ಇತ್ತು. ಕೀಲಿ ಇದ್ದ ಮೇಲೆ ಯಾವಾಗ ಬೇಕಾದರೂ ಹೋಗಿ ನೋಡಬಹುದು ಎಂದೇ ತಿಳಿದಿದ್ದೆ. ಒಂದು ಮಧ್ಯಾಹ್ನ ಎರಡು ಸಲ ಕರೆಗಂಟೆ ಒತ್ತಿದೆ, ಉತ್ತರ ಬರಲಿಲ್ಲ, ಬಾಗಿಲು ತೆರೆದೆ. ರಾತ್ರಿಪಾಳಿ ಮುಗಿಸಿ ಮಲಗಿದ್ದ ಬಾಡಿಗೆದಾರರು ಗಾಬರಿಯಿಂದ ಎದ್ದು ಬಂದರು. ಜಗಳವೇನೂ ಆಗಲಿಲ್ಲ. ಮರುದಿನ ಅವರು ಒಳಗಿನಿಂದ ಹೊಸ ಚಿಲಕ ಹಾಕಿಸಿದರು, ಅಷ್ಟೆ.

ಮುಜುಗರ ಇಳಿದ ಮೇಲೆ ಕಾನೂನು ಏನು ಹೇಳುತ್ತದೆ ಎಂದು ಹುಡುಕಿದೆ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮು, ಬೇರೆ ಒಪ್ಪಂದವಿಲ್ಲದಿದ್ದರೆ, ಸಮಂಜಸವಾದ ವೇಳೆಯಲ್ಲಿ ಒಳಬಂದು ಪರಿಶೀಲಿಸಲು ಮಾಲೀಕನಿಗೆ ಬಿಡುತ್ತದೆ. ಬಾಡಿಗೆ ಕಟ್ಟುವವನು ಅಡ್ಡಿಯಿಲ್ಲದೆ ವಾಸಿಸಬೇಕು ಎನ್ನುವುದೂ ಅದೇ ಕಲಮು. ಇಂಗ್ಲೆಂಡಿನ 1985ರ ಮಾಲೀಕ-ಬಾಡಿಗೆದಾರ ಕಾಯಿದೆ 24 ಗಂಟೆ ಮೊದಲು ಲಿಖಿತ ಸೂಚನೆ ಕೇಳುತ್ತದೆ. ಕೆನಡಾದ ಒಂಟಾರಿಯೊದಲ್ಲಿಯೂ ಅಷ್ಟೇ ಅವಧಿ, ಭೇಟಿ ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ. ತುರ್ತು ಸಂದರ್ಭಕ್ಕೆ ಅಲ್ಲಿ ವಿನಾಯಿತಿ ಇದೆ. ನನ್ನ ಕರಾರಿಗೂ ಇದನ್ನೇ ಸೇರಿಸಿದೆ.

ಮುಂದಿನ ಸಲ ದಿನ, ಗಂಟೆ, ಕಾರಣ, ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಬರೆದು ಕಳುಹಿಸಿದೆ. ಕೊನೆಗೆ, ‘ನೀವು ತೋರಿಸಬೇಕಾದದ್ದು ಏನಾದರೂ ಇದೆಯೇ?’ ಎಂದು ಸೇರಿಸಿದ್ದೆ. ಇತ್ತು. ಬಚ್ಚಲಿನ ಗೋಡೆಯ ಆಚೆ ಬದಿ ತಿಂಗಳುಗಳಿಂದ ಒದ್ದೆಯಾಗಿತ್ತು. ಹೇಳಿದರೆ ಮುಂಗಡದಲ್ಲಿ ಮುರಿದುಕೊಳ್ಳುತ್ತೇನೆಂಬ ಭಯದಿಂದ ಅವರು ಕಪಾಟನ್ನು ಅಡ್ಡ ಇಟ್ಟಿದ್ದರು! ಕೀಲಿ ತಿರುಗಿಸಿ ನುಗ್ಗಿದ ದಿನ ನಾನು ಆ ಕಪಾಟಿನ ಮುಂದೆಯೇ ನಿಂತಿದ್ದೆ.

ಈಗ ನೋಡುವುದು ಕೆಲವೇ ಸಂಗತಿ. ಎಲ್ಲ ನಲ್ಲಿಗಳನ್ನು ಮುಚ್ಚಿಸಿ ನೀರಿನ ಮೀಟರ್ ಗಮನಿಸುತ್ತೇನೆ. ಆಗಲೂ ತಿರುಗುತ್ತಿದ್ದರೆ ಎಲ್ಲೋ ಸೋರಿಕೆ. ಶೌಚಾಲಯದ ಫ್ಲಶ್ ತೊಟ್ಟಿಗೆ ಎರಡು ಹನಿ ಬಣ್ಣ ಹಾಕಿ, ನೀರು ಬಿಡದೆ ಅರ್ಧ ಗಂಟೆ ಕಾದರೆ ಗುಟ್ಟು ರಟ್ಟಾಗುತ್ತದೆ: ಬಣ್ಣ ಕೆಳಗಿಳಿದಿದ್ದರೆ ಒಳಗಿನ ಕವಾಟ ಕೆಟ್ಟಿದೆ. ಸಿಂಕಿನ ಅಡಿಯ ಪೈಪಿನ ಸುತ್ತ ಕೈಯಾಡಿಸುತ್ತೇನೆ, ಪ್ಲಗ್ ಪಾಯಿಂಟ್‌ಗಳಲ್ಲಿ ಕಂದು ಸುಟ್ಟ ಗುರುತು ಇದೆಯೇ ನೋಡುತ್ತೇನೆ. ಕಪಾಟು ತೆರೆಯುವುದಿಲ್ಲ, ಹಾಸಿಗೆಯ ಮೇಲಿನ ಅಸ್ತವ್ಯಸ್ತ ನನಗೆ ಸಂಬಂಧಿಸಿದ್ದಲ್ಲ. ಫೋಟೊ ಬೇಕಾದರೆ ಕೇಳಿ, ಗೋಡೆಯದ್ದಷ್ಟೇ ತೆಗೆಯುತ್ತೇನೆ. ಹೊರಡುವ ಮೊದಲು ಯಾವ ರಿಪೇರಿ ಯಾರ ಪಾಲು, ಯಾವಾಗಿನೊಳಗೆ ಎಂದು ಬರೆದು ಇಬ್ಬರೂ ಸಹಿ ಹಾಕುತ್ತೇವೆ.

ಒಮ್ಮೆ ಅವರು ದಿನವನ್ನು ಎರಡು ಸಲ ಮುಂದೂಡಿದರು. ಸಿಟ್ಟು ಬಂದದ್ದು ನಿಜ. ಮೂರನೆಯ ಸಲ ದಿನ ನೀವೇ ಹೇಳಿ ಎಂದೆ. ಭಾನುವಾರ ಹತ್ತು ಗಂಟೆಗೆ ಕರೆದರು. ಚಿಲಕ ಇನ್ನೂ ಅಲ್ಲಿಯೇ ಇದೆ, ತೆಗೆಸಿ ಎಂದು ನಾನೂ ಕೇಳಿಲ್ಲ.