ಮುಂಬೈ ಮಳೆಗಾಲದಲ್ಲಿ ಚರ್ಮ, ಉಗುರು, ಕೂದಲು ಕಾಯುವ ಬಗೆ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸಾಕು, ಮುಂಬೈಯ ಚರ್ಮವೈದ್ಯರ ಬಾಗಿಲಲ್ಲಿ ಸಾಲು ಬೆಳೆಯುತ್ತದೆ. ತೊಡೆಸಂದಿಯಲ್ಲಿ ಹುಳುಕಡ್ಡಿ, ಕಾಲ್ಬೆರಳ ನಡುವೆ ಕೆಸರುಹುಣ್ಣು, ಬೆನ್ನಿಗೆ ಚಿಬ್ಬು, ಕೈಗೆ ಉಗುರುಸುತ್ತು. ಸಾಲಿನಲ್ಲಿರುವವರು ಸ್ನಾನ ಬಿಟ್ಟವರೇನಲ್ಲ, ಎರಡು ಹೊತ್ತು ಸೋಪು ಹಚ್ಚಿ ಉಜ್ಜಿ ಮಿಂದವರೇ ಹೆಚ್ಚು. ಇಲ್ಲಿ ಕಾಟ ಕೊಡುವುದು ಕೊಳೆಗಿಂತ ಒದ್ದೆ. ಆ ಒದ್ದೆ ಚರ್ಮದ ಯಾವ ಪದರದಲ್ಲಿ ಏನು ಮಾಡುತ್ತದೆಂದು ತಿಳಿದರೆ ಅರ್ಧ ಔಷಧದ ಖರ್ಚು ಉಳಿಯುತ್ತದೆ.

ಮೇಲಿನ ಹೆಂಚು

ಊರಿನ ಮಂಗಳೂರು ಹೆಂಚಿನ ಮಾಡನ್ನು ನೆನೆಯಿರಿ. ಹೊರಚರ್ಮದ ತೀರ ಮೇಲಿನ ಭಾಗವೂ ಹಾಗೇ: ಚಪ್ಪಟೆಯಾದ ಸತ್ತ ಕೋಶಗಳು ಒಂದರ ಅಂಚನ್ನು ಇನ್ನೊಂದು ಮುಚ್ಚುತ್ತ ಸುಮಾರು 15–20 ಸಾಲು. ಕೋಶದ ಒಳಗೆ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು, ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳ ಜಿಡ್ಡು. ಈ ಜಿಡ್ಡೇ ನೀರು ಒಳಗೂ ಹೊರಗೂ ಸೋರದಂತೆ ತಡೆಯುವುದು. ಹೊರಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೇರಿ ಉದುರಲು ಹೆಚ್ಚುಕಡಿಮೆ ನಾಲ್ಕು ವಾರ ಹಿಡಿಯುತ್ತದೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಹಾಗಾಗಿ ಯಾವ ಕ್ರೀಮಿನ ಗುಣವನ್ನೂ ಮೂರೇ ದಿನದಲ್ಲಿ ಅಳೆಯಬೇಡಿ.

ಹೊರಚರ್ಮದಲ್ಲಿ ರಕ್ತನಾಳವಿಲ್ಲ. ರಕ್ತನಾಳ, ನರ, ಬೆವರು ಗ್ರಂಥಿ, ಕೂದಲ ಬೇರು, ಎಣ್ಣೆ ಗ್ರಂಥಿ ಎಲ್ಲ ಕೆಳಗಿನ ಒಳಚರ್ಮದ ಸಂಸಾರ. ಅದರಡಿ ಕೊಬ್ಬಿನ ಪದರ. ಹೊರಚರ್ಮದ ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ: ಕಣ್ಣಿನ ರೆಪ್ಪೆಯಲ್ಲಿ ಸುಮಾರು 0.05 ಮಿ.ಮೀ., ಅಂಗಾಲಿನಲ್ಲಿ 1.5 ಮಿ.ಮೀ. ಅಂಗಾಲಿಗೆ ಬರೆದುಕೊಟ್ಟ ಮುಲಾಮನ್ನು ಮುಖಕ್ಕೆ ಹಚ್ಚಬಾರದು ಎನ್ನುವುದು ಇದಕ್ಕೇ.

ಚರ್ಮದ ಮೇಲ್ಮೈ ತುಸು ಹುಳಿ, ಪಿಎಚ್ ಸುಮಾರು 5 (7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ). ಸ್ನಾನದ ಸಾಮಾನ್ಯ ಸೋಪು 9–10. ದಿನಕ್ಕೆ ಎರಡು ಸಲ ಮೈಯೆಲ್ಲ ಸೋಪು ತಿಕ್ಕಿದರೆ ಹೆಂಚಿನ ನಡುವಿನ ಜಿಡ್ಡೇ ತೊಳೆದುಹೋಗುತ್ತದೆ. ಲೋಕಲ್ ರೈಲಿನಲ್ಲಿ ನೂಕಿಸಿಕೊಂಡು ಬಂದವರಿಗೆ ಎರಡನೆಯ ಸ್ನಾನ ಬೇಡವೆನ್ನಲು ಬಾಯಿ ಬರುವುದಿಲ್ಲ. ಮೀಯಿರಿ, ಆದರೆ ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ ಇರಲಿ. ಮೈಯುಜ್ಜುವ ಒರಟು ನಾರು ಬೇಡ.

ಹುಳುಕಡ್ಡಿ

ಹುಳುಕಡ್ಡಿಯಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಅದು ಕೆರಾಟಿನ್ ತಿಂದು ಬದುಕುವ ಫಂಗಸ್. ಇಲ್ಲಿನ ಔಷಧದಂಗಡಿಯಲ್ಲಿ ‘ದಾದ್’ ಅಥವಾ ‘ನಾಯಟಾ’ ಎಂದರೆ ತಿಳಿಯುತ್ತದೆ. ಆದರೆ ಹಾಗೆ ಕೇಳಿದ ಕೂಡಲೇ ಕೈಗೆ ಬರುವ ಟ್ಯೂಬಿನ ಬಗ್ಗೆಯೇ ಎಚ್ಚರ ಬೇಕು. ಹಣ ಕೊಡುವ ಮುಂಚೆ ಅದರ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್ ಬೆರೆತದ್ದು, ವಾಪಸ್ ಕೊಡಿ. ಸ್ಟೀರಾಯ್ಡ್ ಎರಡು ದಿನದಲ್ಲಿ ತುರಿಕೆಯನ್ನೂ ಕೆಂಪನ್ನೂ ಇಳಿಸುತ್ತದೆ, ಏಕೆಂದರೆ ಅದು ಫಂಗಸ್ಸಿನ ವಿರುದ್ಧ ಹೋರಾಡುವ ಮೈಯ ಪ್ರತಿರೋಧವನ್ನೇ ಮಲಗಿಸುತ್ತದೆ. ಒಳಗೊಳಗೆ ಫಂಗಸ್ ಹರಡುತ್ತದೆ. ಹಚ್ಚುವುದು ನಿಂತ ವಾರದಲ್ಲಿ ಮೊದಲಿನ ಎರಡರಷ್ಟು ಅಗಲವಾಗಿ, ಉಂಗುರದ ಆಕಾರವೂ ಕೆಟ್ಟು, ಮತ್ತೆ ಕಾಣಿಸಿಕೊಳ್ಳುತ್ತದೆ. ಆಮೇಲೆ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ತೊಡೆಸಂದಿಯಲ್ಲಿ ಅಪಾಯ ಇನ್ನೂ ಹೆಚ್ಚು. ವೃಷಣದ ಚರ್ಮ ಮುಂಗೈ ಚರ್ಮಕ್ಕಿಂತ ಸುಮಾರು 40 ಪಟ್ಟು ಸ್ಟೀರಾಯ್ಡ್ ಹೀರುತ್ತದೆ. ಅಕ್ಕಪಕ್ಕದ ಒಳಚರ್ಮ ತೆಳುವಾಗಿ ಒಮ್ಮೆ ಬರೆ ಬಿದ್ದರೆ ಅದು ಪೂರ್ತಿ ಮಾಯುವುದಿಲ್ಲ.

ಕ್ಲೋಟ್ರಿಮಜೋಲ್, ಟರ್ಬಿನಾಫಿನ್, ಲುಲಿಕೊನಜೋಲ್‌ನಂಥ ಒಂದೇ ಔಷಧವಿರುವ ಕ್ರೀಮು ಸಾಕು. ದಿನಕ್ಕೆ ಎಷ್ಟು ಸಲ ಎಂಬುದು ಔಷಧದ ಮೇಲೆ ಹೋಗುತ್ತದೆ: ಕ್ಲೋಟ್ರಿಮಜೋಲ್ ಎರಡು ಸಲ, ಲುಲಿಕೊನಜೋಲ್ ಒಂದೇ ಸಲ. ಅಳತೆಗೆ ತೋರುಬೆರಳೇ ಸಾಕು. ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಎಳೆದ ಕ್ರೀಮು ಸುಮಾರು ಅರ್ಧ ಗ್ರಾಂ, ಅದು ಬೆರಳೂ ಸೇರಿ ಎರಡು ಅಂಗೈಯಗಲದ ಜಾಗಕ್ಕೆ ಸಾಲುತ್ತದೆ. ಜಾಗ ಚೆನ್ನಾಗಿ ಒಣಗಿದ ಮೇಲೆ, ಕಾಣುವ ಅಂಚಿನಿಂದ 2 ಸೆಂ.ಮೀ. ಆಚೆಯಿಂದ ಶುರುಮಾಡಿ ಒಳಮುಖವಾಗಿ ಹಚ್ಚಿ. ನಡುವಿನಿಂದ ಹೊರಕ್ಕೆ ಎಳೆದರೆ ಫಂಗಸ್ಸನ್ನು ನೀವೇ ಆಚೆ ಸಾಗಿಸಿದಂತೆ. ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಹೆಚ್ಚಿನವರು ಸೋಲುವುದು ಇಲ್ಲೇ, ತುರಿಕೆ ನಿಂತ ದಿನವೇ ಟ್ಯೂಬು ಕಪಾಟು ಸೇರಿರುತ್ತದೆ. ನಾಲ್ಕು ವಾರಕ್ಕೂ ಬಗ್ಗದಿದ್ದರೆ, ಇಲ್ಲವೇ ತಲೆಗೂ ಉಗುರಿಗೂ ಹಬ್ಬಿದ್ದರೆ ಗುಳಿಗೆ ಬೇಕು, ವೈದ್ಯರನ್ನು ಕಾಣಿ.

ಔಷಧದಷ್ಟೇ ಮುಖ್ಯವಾದದ್ದು ಬಟ್ಟೆ. ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಗ್ಯಾಲರಿಗೆ ಹಾಕಿದ ಜೀನ್ಸ್ ಜುಲೈಯಲ್ಲಿ ಎರಡು ದಿನಕ್ಕೂ ಒಣಗುವುದಿಲ್ಲ. ಕೈಗೆ ಒಣಗಿದಂತೆ ತೋರಿದರೂ ಹೊಲಿಗೆಯಲ್ಲಿ, ಸೊಂಟಪಟ್ಟಿಯಲ್ಲಿ ಒದ್ದೆ ಉಳಿದಿರುತ್ತದೆ, ಅದು ಉಜ್ಜುವುದೂ ತೊಡೆಸಂದಿಗೇ. ಆ ಜಾಗಗಳ ಮೇಲೆ ಇಸ್ತ್ರಿಯನ್ನು ನಿಧಾನವಾಗಿ ಎರಡು ಸಲ ಎಳೆಯಿರಿ. ರೋಗಿಯ ಒಳಉಡುಪು, ಟವೆಲ್ಲುಗಳನ್ನು ಬೇರೆಯಾಗಿ, 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಿರಿ. ಪಾದದಲ್ಲಿಯೂ ಫಂಗಸ್ ಇದ್ದರೆ ಚಡ್ಡಿಗಿಂತ ಮೊದಲು ಸಾಕ್ಸ್ ಹಾಕಿ. ಚಡ್ಡಿ ಪಾದ ಸವರಿಕೊಂಡು ಮೇಲೇರುವಾಗ ಫಂಗಸ್ಸೂ ಜೊತೆಗೆ ಏರುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೆ ತುರಿಕೆಯಿದ್ದರೆ ಇಬ್ಬರಿಗೂ ಒಟ್ಟಿಗೇ ಔಷಧ ಆಗಬೇಕು.

ಚಿಬ್ಬು ಬೇರೆ ಜಾತಿ. ಅದರ ಯೀಸ್ಟ್ (ಇದೂ ಒಂದು ಬಗೆಯ ಫಂಗಸ್ಸೇ) ಬದುಕುವುದು ಚರ್ಮದ ಎಣ್ಣೆಯ ಮೇಲೆ. ಹಾಗಾಗಿ ಬೆನ್ನು, ಎದೆ, ಕುತ್ತಿಗೆ ಅದಕ್ಕೆ ಇಷ್ಟ. 2% ಕೀಟೊಕೊನಜೋಲ್ ಶಾಂಪೂವನ್ನು ಒದ್ದೆ ಮೈಗೆ ನೊರೆಬರಿಸಿ 5 ನಿಮಿಷ ಬಿಟ್ಟು ತೊಳೆಯಿರಿ, ಹೀಗೆ 5 ದಿನ. ಆ ಭಾಗಕ್ಕೆ ಕೊಬ್ಬರಿ ಎಣ್ಣೆ ಅಷ್ಟು ದಿನ ಬೇಡ. ಬಿಳಿ ಮಚ್ಚೆಗೆ ಬಣ್ಣ ಮರಳಲು ತಿಂಗಳುಗಳೇ ಆಗಬಹುದು, ಅದನ್ನು ನೋಡಿ ಔಷಧ ಹಿಡಿಯಲಿಲ್ಲ ಎಂದುಕೊಳ್ಳಬೇಡಿ.

ಬೆವರು

ಬೆವರು ಮೈ ತಂಪು ಮಾಡುವುದು ಆವಿಯಾದಾಗ ಮಾತ್ರ. ಮುಂಬೈಯ ತೇವದ ಗಾಳಿಯಲ್ಲಿ ಅದು ಆರದೆ ಹರಿಯುತ್ತದೆ, ಮೇಲಿನ ಕೋಶಗಳು ನೆನೆದು ಊದಿ ಬೆವರಿನ ನಾಳದ ಬಾಯಿ ಕಟ್ಟುತ್ತವೆ, ಬೆವರುಸಾಲೆ ಏಳುತ್ತದೆ. ಒದ್ದೆ ಮೈಗೆ ಪೌಡರ್ ಸುರಿದರೆ ಮಡಿಕೆಗಳಲ್ಲಿ ಹಿಟ್ಟು ಕಲಸಿದಂತಾಗಿ ಇನ್ನಷ್ಟು ಕಟ್ಟುತ್ತದೆ. ಫ್ಯಾನಿನ ಗಾಳಿ, ಸಡಿಲ ಹತ್ತಿಬಟ್ಟೆ, ತೀರ ಉರಿದರೆ ಕ್ಯಾಲಮೈನ್, ಇಷ್ಟೇ.

ನೀರಿನಲ್ಲೇ ಇರುವ ಕೈ

ಹೋಟೆಲಿನ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವಲ್ಲಿ ದುಡಿಯುವ ನಮ್ಮವರಿಗೆ ಉಗುರುಸುತ್ತು ವರ್ಷವಿಡೀ ಕಾಟ. ಉಗುರಿನ ಬುಡಕ್ಕೆ ಅಂಟಿಕೊಂಡ ತೆಳುಚರ್ಮವನ್ನು ನೋಡಿ. ಬಾಗಿಲಸಂದಿಗೆ ಬಡಿದ ಪಟ್ಟಿಯ ಹಾಗೆ ಅದು ಉಗುರಿಗೂ ಚರ್ಮಕ್ಕೂ ನಡುವಿನ ಬಿರುಕು ಮುಚ್ಚುತ್ತದೆ. ಸೋಪುನೀರಿಗೆ ಅದು ಬಿಟ್ಟುಕೊಂಡರೆ, ಅಥವಾ ಪಾರ್ಲರಿನಲ್ಲಿ ಅಂದಕ್ಕೆಂದು ಕತ್ತರಿಸಿದರೆ, ಯೀಸ್ಟ್‌ಗೂ ಬ್ಯಾಕ್ಟೀರಿಯಾಕ್ಕೂ ದಾರಿ ತೆರೆದಂತೆ. ಉಗುರು ಹುಟ್ಟುವ ಗದ್ದೆ ಅದರ ಕೆಳಗೇ ಇದೆ. ಅಲ್ಲಿನ ಊತ ಹಳೆಯದಾದರೆ ಉಗುರು ಅಡ್ಡಗೆರೆ ಬಿದ್ದು ಬೆಳೆಯುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ 3 ಮಿ.ಮೀ., ಕಾಲಿನದು ಸುಮಾರು 1 ಮಿ.ಮೀ. ಹಾಳಾದ ಕೈಯುಗುರು ಪೂರ್ತಿ ಬದಲಾಗಲು ಆರು ತಿಂಗಳು, ಕಾಲಿನ ಹೆಬ್ಬೆರಳಿನದಕ್ಕೆ ವರ್ಷದ ಮೇಲೆ.

ರಬ್ಬರ್ ಗ್ಲೌಸಿನ ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿ. ಬರಿಯ ರಬ್ಬರಾದರೆ ಒಳಗಿನ ಬೆವರೇ ನೀರಾಗುತ್ತದೆ. 20 ನಿಮಿಷಕ್ಕೊಮ್ಮೆ ತೆಗೆದು ಕೈ ಆರಿಸಿ. ಮಲಗುವಾಗ ಪೆಟ್ರೋಲಿಯಂ ಜೆಲ್ಲಿಯನ್ನು ಉಗುರಿನ ಬುಡಕ್ಕೆ ತಿಕ್ಕಿ. ಕೀವು ತುಂಬಿ ತಿವಿದು ನೋಯುತ್ತಿದ್ದರೆ ಸೂಜಿಯಿಂದ ಚುಚ್ಚದೆ ವೈದ್ಯರಿಂದ ಬಿಡಿಸಿಕೊಳ್ಳಿ.

ನೀರಿನಲ್ಲಿ ಬೆರಳ ತುದಿ ಸುಕ್ಕಾಗುವುದು ಚರ್ಮ ನೆನೆದದ್ದರಿಂದ ಮಾತ್ರವಲ್ಲ, ನರಗಳು ಒಳಗಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ. ನರ ಕಡಿದುಹೋದ ಬೆರಳು ಎಷ್ಟು ಹೊತ್ತು ನೆನೆದರೂ ಸುಕ್ಕಾಗುವುದಿಲ್ಲ.

ಪಾದ ಮತ್ತು ನಿಂತ ನೀರು

ಅಂಗಾಲಿನಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ, ಬೆವರು ಗ್ರಂಥಿಗಳು ಮಾತ್ರ ಕಿಕ್ಕಿರಿದಿವೆ. ಹಾಗಾಗಿಯೇ ಬೇಸಗೆಯಲ್ಲಿ ಹಿಮ್ಮಡಿ ಒಡೆಯುವುದು, ಮಳೆಗಾಲದಲ್ಲಿ ಬೆರಳಸಂದಿ ಬೆಳ್ಳಗೆ ಕೊಳೆಯುವುದು. ಒಡೆದ ಹಿಮ್ಮಡಿಯನ್ನು ಮೇ ತಿಂಗಳಲ್ಲೇ ಸರಿಮಾಡಿಕೊಳ್ಳಿ: 10 ನಿಮಿಷ ಉಗುರುಬೆಚ್ಚಗಿನ ನೀರು, ಮೆಲ್ಲಗೆ ಉಜ್ಜುಕಲ್ಲು, ಒರೆಸಿ 10–20% ಯೂರಿಯಾ ಕ್ರೀಮು. ಬ್ಲೇಡು ಮುಟ್ಟಬೇಡಿ, ಸಕ್ಕರೆ ಕಾಯಿಲೆಯವರಂತೂ ಮುಟ್ಟಲೇಬಾರದು.

ಬಿರುಕು ಮುಚ್ಚಿರಬೇಕೆನ್ನುವುದಕ್ಕೆ ಇನ್ನೊಂದು ಕಾರಣ ಇಲಿಜ್ವರ. ಇಲಿಯ ಮೂತ್ರದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ನಿಂತ ನೀರಿಗೆ ಸೇರಿ, ಗಾಯ ಅಥವಾ ಒಡಕಿನಿಂದ ಒಳಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ ಮೇಲೆ ನಗರ ಇದನ್ನು ಚೆನ್ನಾಗಿ ಅನುಭವಿಸಿದೆ. ನಿಂತ ನೀರಿನಲ್ಲಿ ನಡೆದಿದ್ದರೆ ಮನೆಗೆ ಬಂದವರೇ ಕಾಲು ಸೋಪಿನಿಂದ ತೊಳೆದು, ಬೆರಳಸಂದಿಗಳನ್ನು ಒಂದೊಂದಾಗಿ ಒರೆಸಿ, ಗಾಯವಿದೆಯೇ ನೋಡಿ. 72 ಗಂಟೆಯೊಳಗೆ ಪಾಲಿಕೆಯ ದವಾಖಾನೆಗೆ ಹೋದರೆ ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಔಷಧ ಬೇರೆ, ಆದ್ದರಿಂದ ನೀವೇ ಕೊಂಡು ನುಂಗಬೇಡಿ. ಮುಂದಿನ ಒಂದು ತಿಂಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ನೀರಲ್ಲಿ ನಡೆದದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಕೂದಲು

ಊರಿನಿಂದ ಬಂದವರೆಲ್ಲ ಮುಂಬೈ ನೀರಿಗೆ ಕೂದಲು ಉದುರಿತು ಎನ್ನುತ್ತಾರೆ. ಪಾಲಿಕೆಯ ನಲ್ಲಿಗೆ ಬರುವುದು ತಾನ್ಸಾ, ವೈತರ್ಣಾ, ಭಾತ್ಸಾ ಜಲಾಶಯಗಳಲ್ಲಿ ಕೂಡಿದ ಮಳೆನೀರು, ಬೋರ್‌ವೆಲ್ಲಿನ ಗಡಸುನೀರಲ್ಲ; ತಪ್ಪನ್ನು ನೀರಿನ ಮೇಲೆ ಹಾಕಬೇಡಿ. ದಿನಕ್ಕೆ 50–100 ಕೂದಲು ಉದುರುವುದು ಸಹಜ. ಅದಕ್ಕಿಂತ ಹೆಚ್ಚಾದರೆ ಎರಡು ಮೂರು ತಿಂಗಳ ಹಿಂದಿನ ಕ್ಯಾಲೆಂಡರ್ ನೋಡಿ. ಡೆಂಗಿಯೋ ಟೈಫಾಯ್ಡೋ ಬಂದಾಗ ಬೆಳೆಯುತ್ತಿದ್ದ ಬೇರುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಮೂರು ತಿಂಗಳಿಗೆ ಒಟ್ಟಿಗೇ ಕೂದಲು ಬಿಡುತ್ತವೆ. ಆಗಸ್ಟಿನ ಜ್ವರ ನವೆಂಬರಿನ ಬಾಚಣಿಗೆಯಲ್ಲಿ ಕಾಣುವುದು ಹೀಗೆ. ಇದಕ್ಕೆ ದುಬಾರಿ ಎಣ್ಣೆಯ ಅಗತ್ಯವಿಲ್ಲ, ಬೇರು ಸತ್ತಿರುವುದಿಲ್ಲ. ತಿಂಗಳಿಗೆ ಒಂದು ಸೆಂ.ಮೀ. ಲೆಕ್ಕದಲ್ಲಿ ಬೆಳೆಯುತ್ತ ಹಣೆಯಂಚಿನಲ್ಲಿ ಮೋಟು ಕೂದಲು ನೆಟ್ಟಗೆ ನಿಲ್ಲತೊಡಗಿದರೆ ಹೊಸದು ಬಂತೆಂದೇ ಲೆಕ್ಕ.